260ರ ಗಡಿ: ಒಬ್ಬ ಅಲೆಮಾರಿ ಐಸ್ ಹಾಕಿ ಆಟಗಾರನ ಪ್ರಕರಣ

ನಾನು ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಊರಿನಲ್ಲಿ ಟ್ಯಾಕ್ಸ್ ರಿಟರ್ನ್ ಮಾಡಿಕೊಡುವ ಸಣ್ಣ ಆಫೀಸ್ ಇಟ್ಟುಕೊಂಡಿದ್ದೇನೆ. ಬರುವವರಲ್ಲಿ ಜಾಸ್ತಿ ಜನ ನಮ್ಮವರೇ, ಎಚ್-1ಬಿ ಮೇಲೆ ಬಂದವರು. ಈ ಊರಲ್ಲಿ ಕೆಳಹಂತದ ಲೀಗ್‌ನ ಒಂದು ಐಸ್ ಹಾಕಿ ತಂಡವೂ ಇದೆ. ಅದರ ಒಬ್ಬ ಆಟಗಾರ ನನ್ನ ಹತ್ತಿರ ಬಂದ, ಆಮೇಲೆ ಅರ್ಧ ತಂಡ ಬಂತು. ಡ್ರೆಸಿಂಗ್ ರೂಮಿನಲ್ಲಿ ಒಬ್ಬನ ಅಕೌಂಟೆಂಟ್ ಅಂದರೆ ಎಲ್ಲರ ಅಕೌಂಟೆಂಟ್.

ಇಲ್ಲಿ ಹೇಳುವುದು ಅವರಲ್ಲಿ ಒಬ್ಬನ ಪ್ರಕರಣ. ಜೆ ಎಂದು ಕರೆಯುತ್ತೇನೆ, ಅದು ಅವನ ಹೆಸರಿನ ಅಕ್ಷರವಲ್ಲ. ಊರು, ತಂಡಗಳ ಹೆಸರು ಬಿಟ್ಟಿದ್ದೇನೆ. ಪಂದ್ಯಗಳ ಸಂಖ್ಯೆಯನ್ನೂ ಗುರುತು ಸಿಗದಷ್ಟು ಬದಲಿಸಿದ್ದೇನೆ, ಆದರೆ ಕಥೆಯ ನಡುವೆ ಬರುವ ಗಡಿಯ ಯಾವ ಕಡೆ ಅವನಿದ್ದ ಅನ್ನುವುದನ್ನು ಮುಟ್ಟಿಲ್ಲ. ಬರೆಯುತ್ತೇನೆ ಎಂದಾಗ ಅವನು ಒಪ್ಪಿದ. "ಯಾರಾದರೂ ಓದಿ ಲೆಕ್ಕ ಇಟ್ಟುಕೊಂಡರೆ ಒಳ್ಳೆಯದೇ" ಎಂದ.

ಹಿನ್ನೆಲೆ

ಅಮೆರಿಕ, ಕೆನಡಾದ ಐಸ್ ಹಾಕಿ ಲೀಗ್‌ಗಳ ಮೆಟ್ಟಿಲು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೇಲೆ ಎನ್‌ಎಚ್‌ಎಲ್, 32 ತಂಡ. ಅಲ್ಲಿ ಕನಿಷ್ಠ ಸಂಬಳವೇ ವರ್ಷಕ್ಕೆ 7,75,000 ಡಾಲರ್ (2025-26ರ ಸೀಸನ್‌ವರೆಗಿನ ಲೆಕ್ಕ). ಅದರ ಕೆಳಗೆ 1936ರಿಂದ ನಡೆದು ಬಂದ ಎಎಚ್‌ಎಲ್. ಅಲ್ಲಿನ ಕನಿಷ್ಠ ಸಂಬಳ ಈಚಿನ ವರ್ಷಗಳಲ್ಲಿ 50 ಸಾವಿರ ಡಾಲರ್ ದಾಟಿದೆ. ಇನ್ನೊಂದು ಮೆಟ್ಟಿಲು ಇಳಿದರೆ ಇಸಿಎಚ್‌ಎಲ್. 1988ರಲ್ಲಿ ಐದು ತಂಡಗಳಿಂದ ಶುರುವಾದದ್ದು. ಟೊಲಿಡೊ, ಫೋರ್ಟ್ ವೇನ್, ವೀಲಿಂಗ್, ಕಲಮಜೂ ಥರದ ಊರುಗಳ ಲೀಗ್ ಇದು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ 72 ಪಂದ್ಯ, ಓಡಾಟ ಬಹುಪಾಲು ಬಸ್ಸಿನಲ್ಲಿ. ಜೆ ಆಡುತ್ತಿದ್ದ ಕಾಲಕ್ಕೆ ಹೊಸಬನ ಸಂಬಳ ವಾರಕ್ಕೆ 500 ಡಾಲರ್ ಆಸುಪಾಸು. ಇರಲು ಅಪಾರ್ಟ್‌ಮೆಂಟ್ ತಂಡದವರೇ ಕೊಡುತ್ತಾರೆ. ಸೀಸನ್ ಮುಗಿದರೆ ಸಂಬಳವೂ ಮುಗಿಯಿತು. ಇದಕ್ಕೂ ಕೆಳಗೆ 2004ರಲ್ಲಿ ಹುಟ್ಟಿದ ಎಸ್‌ಪಿಎಚ್‌ಎಲ್ ಇದೆ.

ಜೆ ಕೆನಡಾದ ಒಂಟಾರಿಯೊದವನು. ಡಿಫೆನ್ಸ್ ಆಡುತ್ತಿದ್ದ. ಒಳ್ಳೆಯ ಮೈಕಟ್ಟು. ಸ್ಕೇಟಿಂಗ್ ಮಾತ್ರ ಅಷ್ಟಕ್ಕಷ್ಟೆ ಎಂದು ಅವನೇ ಹೇಳುತ್ತಿದ್ದ. ಹದಿನಾರರಿಂದ ಇಪ್ಪತ್ತರವರೆಗೆ ಮೇಜರ್ ಜೂನಿಯರ್, ಅಂದರೆ ಕೆನಡಾದ ಹದಿಹರೆಯದವರ ಮೇಲುಮಟ್ಟದ ಲೀಗ್, ಆಡಿದ. ಎನ್‌ಎಚ್‌ಎಲ್ ತಂಡಗಳು ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನ ಏಳು ಸುತ್ತಿನಲ್ಲಿ ಯಾರೂ ಅವನ ಹೆಸರು ಕೂಗಲಿಲ್ಲ.

ಮೊದಲ ತೀರ್ಮಾನ ಅಲ್ಲಿ ಬಂತು. ಮೇಜರ್ ಜೂನಿಯರ್ ಆಡಿದವರಿಗೆ ಒಂದು ಸೀಸನ್‌ಗೆ ಒಂದು ವರ್ಷದ ಓದಿನ ಖರ್ಚು ಎಂಬ ಲೆಕ್ಕದಲ್ಲಿ ಸ್ಕಾಲರ್‌ಶಿಪ್ ಸಿಗುತ್ತದೆ. ಅದಕ್ಕೆ ಗಡುವು ಇದೆ. ಪ್ರೊಫೆಷನಲ್ ಆಟಕ್ಕೆ ಇಳಿದು ಗಡುವು ದಾಟಿಸಿದರೆ ಆ ದುಡ್ಡು ಹೋಯಿತು. ಕೆನಡಾದ ಯೂನಿವರ್ಸಿಟಿ ಲೀಗ್‌ನಲ್ಲಿ ಆಡುತ್ತಾ ಓದಿ, ಇಪ್ಪತ್ನಾಲ್ಕು ಇಪ್ಪತ್ತೈದಕ್ಕೆ ಡಿಗ್ರಿ ಕೈಯಲ್ಲಿ ಹಿಡಿದು ಪ್ರೊಫೆಷನಲ್ ಆಗುವವರು ಬೇಕಾದಷ್ಟು ಜನ ಇದ್ದಾರೆ. ಜೆ ಆ ದಾರಿ ಬಿಟ್ಟ. ಒಂದು ಇಸಿಎಚ್‌ಎಲ್ ತಂಡ 2012ರ ಬೇಸಿಗೆಯಲ್ಲಿ ಕರೆದಿತ್ತು. ಕರೆದಾಗ ಹೋಗದಿದ್ದರೆ ಮತ್ತೆ ಯಾರು ಕರೀತಾರೆ ಅನ್ನುವುದು ಅವನ ಲೆಕ್ಕ. ಇಪ್ಪತ್ತೊಂದರ ವಯಸ್ಸಿಗೆ ಅದು ಹುಚ್ಚು ಲೆಕ್ಕವೇನಲ್ಲ.

ಆದರೆ ಅವನು ಆರಿಸಿಕೊಂಡ ವರ್ಷ ನೋಡಿ. ಸೆಪ್ಟೆಂಬರ್ 2012ರಲ್ಲಿ ಎನ್‌ಎಚ್‌ಎಲ್ ಮಾಲೀಕರು ಲಾಕೌಟ್ ಮಾಡಿದರು, ಆಟಗಾರರ ಜೊತೆ ಒಪ್ಪಂದವಾಗದೆ ಲೀಗನ್ನೇ ನಿಲ್ಲಿಸಿದರು. ಅಲ್ಲಿನ ಎಳೆಯ ಆಟಗಾರರೆಲ್ಲ ಎಎಚ್‌ಎಲ್‌ಗೆ ಇಳಿದರು. ಎಎಚ್‌ಎಲ್‌ನಲ್ಲಿ ಜಾಗ ಕಳೆದುಕೊಂಡವರು ಇಸಿಎಚ್‌ಎಲ್‌ಗೆ ಬಂದರು. ಇಸಿಎಚ್‌ಎಲ್‌ನ ಹೊಸ ಹುಡುಗರನ್ನು ಇನ್ನೂ ಕೆಳಕ್ಕೆ ತಳ್ಳಿದರು. ಕೋಟ್ಯಧಿಪತಿಗಳ ಜಗಳಕ್ಕೆ ಜೆ ಮೂರು ತಿಂಗಳು ಎಸ್‌ಪಿಎಚ್‌ಎಲ್‌ನಲ್ಲಿ ಕಳೆಯಬೇಕಾಯಿತು. ಜನವರಿಯಲ್ಲಿ ಲಾಕೌಟ್ ಮುಗಿದ ಮೇಲೆ ಸರಪಳಿ ಮತ್ತೆ ಮೇಲಕ್ಕೆ ಜರುಗಿತು, ಅವನೂ ವಾಪಸ್ ಬಂದ. ಯೂನಿವರ್ಸಿಟಿಗೆ ಹೋಗಿದ್ದರೆ ಈ ಗಲಾಟೆ ಅವನಿಗೆ ತಟ್ಟುತ್ತಲೇ ಇರಲಿಲ್ಲ.

ಫೋನ್ ಬಂದಾಗಲೆಲ್ಲ ಹೊರಟವನು

ಅವನು ನನ್ನ ಹತ್ತಿರ ಬರಲು ಶುರು ಮಾಡಿದ್ದು ಮೂರನೇ ಸೀಸನ್‌ನಲ್ಲಿ. ಬರುವಾಗ ಕಾಗದಗಳನ್ನೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿಕೊಂಡು ತಂದಿದ್ದ. ಒಂದೇ ವರ್ಷಕ್ಕೆ ಮೂರು ಡಬ್ಲ್ಯು-2, ಅಂದರೆ ಕೆಲಸ ಕೊಟ್ಟವರು ಕೊಡುವ ವರ್ಷದ ಸಂಬಳದ ಚೀಟಿ. ಒಂದು ಹಳೆಯ ತಂಡದ್ದು, ಒಂದು ಈ ಊರಿನ ತಂಡದ್ದು, ಇನ್ನೊಂದು ಎಎಚ್‌ಎಲ್ ತಂಡದ್ದು. ಮೂರನೆಯದರಲ್ಲಿ ವಾರದ ಲೆಕ್ಕ ಹಾಕಿದರೆ ದುಡ್ಡು ಉಳಿದೆರಡಕ್ಕಿಂತ ಎಷ್ಟೋ ಪಾಲು ಜಾಸ್ತಿ.

ಎಎಚ್‌ಎಲ್ ತಂಡದಲ್ಲಿ ಯಾರಿಗಾದರೂ ಪೆಟ್ಟಾದರೆ ಕೆಳಗಿನಿಂದ ಒಬ್ಬನನ್ನು ಕರೆಸುತ್ತಾರೆ. ಇದಕ್ಕೆ ಪಿಟಿಒ ಎಂಬ ಟ್ರೈಔಟ್ ಕಾಂಟ್ರ್ಯಾಕ್ಟ್ ಇದೆ, 25 ಪಂದ್ಯದ ಮಿತಿಯದ್ದು. ಬೇಡವೆನಿಸಿದ ದಿನ ಕಳಿಸಿಬಿಡಬಹುದು. ಜೆಗೆ ರಾತ್ರಿ ಹತ್ತಕ್ಕೆ ಫೋನ್ ಬರುತ್ತಿತ್ತು. ಬ್ಯಾಗ್, ಸ್ಟಿಕ್ ಕಾರಿಗೆ ಹಾಕಿ ಆರು ಗಂಟೆ ಓಡಿಸಿ, ಬೆಳಗ್ಗೆ ಪ್ರ್ಯಾಕ್ಟೀಸ್‌ಗೆ ಇಳಿಯುತ್ತಿದ್ದ. ಎರಡು ಪಂದ್ಯ ಆಡಿಸಿ ವಾಪಸ್ ಕಳಿಸಿದ್ದುಂಟು. ಒಂದು ಪಂದ್ಯವೂ ಇಲ್ಲದೆ ವಾರವಿಡೀ ಸ್ಟ್ಯಾಂಡ್‌ನಲ್ಲಿ ಕೂರಿಸಿದ್ದೂ ಉಂಟು.

ನೋಡುವವರಿಗೆ ಇದು ಬಡ್ತಿ. ಒಳಗಿನ ಲೆಕ್ಕ ಬೇರೆ. ಅವನು ಮೇಲೆ ಹೋದಾಗ ಕೆಳಗಿನ ತಂಡದಲ್ಲಿ ಪವರ್ ಪ್ಲೇಯ (ಎದುರಾಳಿಯೊಬ್ಬ ಪೆನಾಲ್ಟಿಗೆ ಹೊರಗೆ ಕೂತಿರುವ ಹೊತ್ತಿನ ಆಟ) ಅವನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಆ ಇನ್ನೊಬ್ಬ ನಾಲ್ಕು ಗೋಲಿಗೆ ಪಾಸ್ ಕೊಟ್ಟ ಎಂದಿಟ್ಟುಕೊಳ್ಳಿ, ಜೆ ವಾಪಸ್ ಬರುವಷ್ಟರಲ್ಲಿ ಆ ಜಾಗ ಅವನದಲ್ಲ. ಮೇಲೆ ಆರನೇ ಡಿಫೆನ್ಸ್‌ಮನ್ ಆಗಿ ಏಳೆಂಟು ನಿಮಿಷ ಐಸ್ ಮೇಲಿದ್ದವನಿಗೆ ಅಂಕಿಅಂಶ ಎಲ್ಲಿಂದ ಬರಬೇಕು? ಹೀಗಾಗಿ ವರ್ಷದ ಕೊನೆಗೆ ಅವನ ಪಾಯಿಂಟ್ಸ್ (ಗೋಲು, ಗೋಲಿಗೆ ಕೊಟ್ಟ ಪಾಸ್ ಎರಡೂ ಸೇರಿದ ಲೆಕ್ಕ) ಕಡಿಮೆ, ಪಂದ್ಯಗಳು ಮಾತ್ರ ಜಾಸ್ತಿ. ಈ "ಪಂದ್ಯಗಳು ಜಾಸ್ತಿ" ಅನ್ನುವುದೇ ಮುಂದೆ ಕಾಲಿಗೆ ತೊಡರಿತು.

ಮಧ್ಯದಲ್ಲಿ ಇನ್ನೊಂದು ತಿರುವು. 2015ರಲ್ಲಿ ಒಬ್ಬ ಕೋಚ್ ಅವನಿಗೆ ಹೇಳಿದರಂತೆ, ನಿನ್ನ ಥರದವರು ಹತ್ತು ಜನ ಇದ್ದಾರೆ, ನೀನು ಗ್ಲೋವ್ ಬಿಚ್ಚಿ ಹೊಡೆದಾಡಿದರೆ ನಿನ್ನನ್ನು ಇಟ್ಟುಕೊಳ್ಳಲು ನನಗೊಂದು ಕಾರಣ ಸಿಗುತ್ತೆ ಎಂದು. ಜೆ ಜಗಳಗಂಟನಲ್ಲ. ಆದರೂ ಒಪ್ಪಿದ. ಬೇಸಿಗೆಯಲ್ಲಿ ಬಾಕ್ಸಿಂಗ್ ಕಲಿತ. ಆ ಸೀಸನ್‌ನಲ್ಲಿ ಜನ ಅವನ ಹೆಸರು ಕೂಗಿದರು. ಜನವರಿಯಲ್ಲಿ ಒಂದು ಹೊಡೆತಕ್ಕೆ ತಲೆ ಐಸ್‌ಗೆ ಬಡಿಯಿತು. ಆರು ವಾರ ಕತ್ತಲೆ ಕೋಣೆ, ಟಿವಿ ಇಲ್ಲ, ಫೋನ್ ಇಲ್ಲ. ಆ ವರ್ಷದ ರಿಟರ್ನ್‌ಗೆ ಅವನ ಹೆಂಡತಿಯೇ ಕಾಗದ ತಂದುಕೊಟ್ಟಳು.

ಅಷ್ಟು ಕಷ್ಟಪಟ್ಟು ಕಲಿತ ವಿದ್ಯೆಗೆ ಏನಾಯಿತು? 2016-17ರಲ್ಲಿ ಎಎಚ್‌ಎಲ್ ಹೊಸ ನಿಯಮ ತಂದಿತು. ಒಂದೇ ಸೀಸನ್‌ನಲ್ಲಿ ಹೊಡೆದಾಟ ಹತ್ತಕ್ಕೆ ಮುಟ್ಟಿದರೆ ಪಂದ್ಯ ನಿಷೇಧ, ಮುಂದುವರಿದರೆ ಇನ್ನೂ ಜಾಸ್ತಿ. ಆಟದ ಗಾಳಿಯೇ ಬದಲಾಗಿತ್ತು. ನನ್ನ ಅಭಿಪ್ರಾಯ ಕೇಳಿದರೆ, ನಿಯಮ ಸರಿಯಾದದ್ದೇ, ಹತ್ತು ವರ್ಷ ಮೊದಲೇ ಬರಬೇಕಿತ್ತು. ಜೆಯ ಮಟ್ಟಿಗೆ ಮಾತ್ರ, ಅವನು ತಲೆಯನ್ನೇ ಒತ್ತೆಯಿಟ್ಟು ಕೊಂಡ ಸರಕಿಗೆ ಮರುವರ್ಷ ಗಿರಾಕಿಯೇ ಇರಲಿಲ್ಲ.

ಸಮಸ್ಯೆ

ಇಸಿಎಚ್‌ಎಲ್‌ನಲ್ಲಿ ವೆಟರನ್ ನಿಯಮ ಎಂದು ಒಂದಿದೆ. ಸೀಸನ್ ಶುರುವಾಗುವ ಹೊತ್ತಿಗೆ ಯಾರು 260 ಪ್ರೊಫೆಷನಲ್ ಪಂದ್ಯ ಆಡಿರುತ್ತಾರೋ ಅವರು ವೆಟರನ್. ಒಂದು ತಂಡದಲ್ಲಿ ಅಂಥವರು ನಾಲ್ಕೇ ಜನ ಇರಬಹುದು. ಗೋಲ್‌ಕೀಪರ್‌ಗೆ ಈ ಲೆಕ್ಕವಿಲ್ಲ. ಎಎಚ್‌ಎಲ್‌ನಲ್ಲೂ ಇಂಥದೇ ನಿಯಮ ಇದೆ: ಐಸ್‌ಗೆ ಇಳಿಯುವ 18 ಜನರಲ್ಲಿ 13 ಜನ ಕಡಿಮೆ ಪಂದ್ಯ ಆಡಿದವರೇ ಆಗಿರಬೇಕು. ಈ ಲೀಗ್‌ಗಳು ಇರುವುದು ಹುಡುಗರನ್ನು ತಯಾರು ಮಾಡಿ ಮೇಲಕ್ಕೆ ಕಳಿಸಲು, ಹಳಬರು ಜಾಗ ಹಿಡಿದು ಕೂರಬಾರದು ಅನ್ನುವುದು ಇದರ ಹಿಂದಿನ ಯೋಚನೆ. ನಮ್ಮ ರಣಜಿ ತಂಡದಲ್ಲಿ ನೂರು ಪಂದ್ಯ ಆಡಿದವನಿದ್ದರೆ ಕ್ಯಾಪ್ಟನ್‌ಗೆ ಧೈರ್ಯ, ಹುಡುಗರಿಗೆ ಪಾಠ. ಇಲ್ಲಿ ಅದೇ ಅನುಭವ ಒಂದು ಪಡಿತರ ಚೀಟಿ, ತಂಡಕ್ಕೆ ನಾಲ್ಕೇ.

260 ಅಂದರೆ ಎಷ್ಟು? ವರ್ಷಕ್ಕೆ ಅರವತ್ತು, ಅರವತ್ತೈದು ಪಂದ್ಯ ಹಿಡಿದರೆ ನಾಲ್ಕು ನಾಲ್ಕೂವರೆ ಸೀಸನ್. ಇಪ್ಪತ್ತೊಂದಕ್ಕೆ ಶುರು ಮಾಡಿದವನು ಇಪ್ಪತ್ತಾರಕ್ಕೆ "ಹಳಬ". ಮೈಯಲ್ಲಿ ಕಸುವಿದೆ, ಆಟ ಈಗಷ್ಟೇ ಅರ್ಥವಾಗುತ್ತಿದೆ, ಕಾಗದದ ಮೇಲೆ ಮುದುಕ.

ಈ ನಿಯಮ ನನಗೆ ಗೊತ್ತಾದದ್ದು ಟ್ಯಾಕ್ಸ್ ದಾರಿಯಿಂದ. ಪರದೇಶದವರು ವರ್ಷದಲ್ಲಿ ಎಷ್ಟು ದಿನ ಅಮೆರಿಕದಲ್ಲಿದ್ದರು ಎನ್ನುವುದು ನಮಗೆ ಮುಖ್ಯ, 183 ದಿನದ ಲೆಕ್ಕ ಇಲ್ಲಿನ ನಮ್ಮವರಿಗೂ ಗೊತ್ತಿರುತ್ತದೆ. 2017ರಲ್ಲಿ ಜೆಯ ದಿನಗಳನ್ನು ಎಣಿಸಲು ಅವನ ಪಂದ್ಯಗಳ ಪಟ್ಟಿಯನ್ನು ಫೋನಿನಲ್ಲಿ ತೆಗೆದು ಮೇಜಿನ ಮೇಲಿಟ್ಟ. ಅದು ಜೂನ್ ತಿಂಗಳು, ಎಕ್ಸ್‌ಟೆನ್ಷನ್ ಹಾಕಿಸಿಕೊಂಡು ತಡವಾಗಿ ಬಂದಿದ್ದ. ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಆ ಬೆರಳನ್ನು ನೆಟ್ಟಗೆ ಹೊರಗಿಟ್ಟುಕೊಂಡೇ ಸ್ಕ್ರೀನ್ ಮೇಲೆ ಪಟ್ಟಿಯನ್ನು ಮೇಲಕ್ಕೆ ತಳ್ಳುತ್ತಿದ್ದ. ಕೊನೆಯ ಮೂರು ಸಾಲಿಗೆ ಬಂದಾಗ ನಿಲ್ಲಿಸಿದ.

ಆ ಮೂರು ಸಾಲು ಸೀಸನ್‌ನ ಕೊನೆಯ ವಾರಾಂತ್ಯ. ಶುಕ್ರವಾರ, ಶನಿವಾರ, ಭಾನುವಾರ, ಮೂರು ದಿನಕ್ಕೆ ಮೂರು ಪಂದ್ಯ. ತಂಡ ಪ್ಲೇಆಫ್‌ನಿಂದ ಆಗಲೇ ಹೊರಬಿದ್ದಿತ್ತು. ಬೆರಳು ಹಿಂದಿನ ವಾರವೇ ಮುರಿದಿತ್ತು. ಟ್ರೇನರ್ ಕೂತುಕೋ ಎಂದಿದ್ದರು. ಇವನು ಟೇಪ್ ಸುತ್ತಿಸಿಕೊಂಡು ಮೂರೂ ಆಡಿದ. ವಾರಾಂತ್ಯಕ್ಕೆ ಮೊದಲು ಅವನ ಒಟ್ಟು ಪಂದ್ಯ 259. ಆಮೇಲೆ 262.

ಲೆಕ್ಕ ಹಿಡಿಯುವುದು ಸೀಸನ್ ಶುರುವಿನ ದಿನಕ್ಕೆ. ಆ ವಾರ ಕೂತಿದ್ದರೆ ಮುಂದಿನ ಇಡೀ ಸೀಸನ್ ಅವನು ವೆಟರನ್ ಅಲ್ಲ. 259ರಲ್ಲಿ ಶುರು ಮಾಡಿ 72 ಪಂದ್ಯ ಆಡಿದರೂ ಆ ವರ್ಷ ಅವನು ಸಾದಾ ಆಟಗಾರ. ಮೂರು ಅರ್ಥವಿಲ್ಲದ ಪಂದ್ಯಕ್ಕೆ ಒಂದು ವರ್ಷದ ನೆಲೆ ಹೋಯಿತು. ಅವನಿಗೆ ಇದು ಹೊಳೆದದ್ದು ಮೇ ತಿಂಗಳಲ್ಲಿ, ಕೋಚ್ ಫೋನ್ ಮಾಡಿ ನಮ್ಮಲ್ಲಿ ನಾಲ್ಕು ವೆಟರನ್ ಜಾಗವೂ ತುಂಬಿದೆ ಎಂದಾಗ.

ನಿಯಮ ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇರೆಯವರು ಅದರಿಂದ ಊರು ಬಿಡುವುದನ್ನು ನೋಡಿದ್ದ. ತನ್ನ ಲೆಕ್ಕ ಮಾತ್ರ ಎಣಿಸಿರಲಿಲ್ಲ. ತಂಡದವರಿಗೆ ಹೇಳುವ ಗರಜಿಲ್ಲ. ಅವನಿಗೆ ಏಜೆಂಟ್ ಇರಲಿಲ್ಲ, ವಾರಕ್ಕೆ ಆರುನೂರು ಡಾಲರ್ ದುಡಿಯುವವನಿಗೆ ಯಾವ ಏಜೆಂಟ್ ಕೂತು ಲೆಕ್ಕ ಬರೀತಾನೆ?

ಮಾಡಿ ನೋಡಿದ್ದು

2017-18ರಲ್ಲಿ ಅವನು ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ: ಸಂಬಳ ಕಡಿಮೆ ಕೇಳುವುದು. ದೂರದ ಒಂದು ತಂಡ ನಾಲ್ಕನೇ ವೆಟರನ್ ಆಗಿ ತೆಗೆದುಕೊಂಡಿತು. ಇದರಲ್ಲಿ ಒಂದು ತೊಡಕಿದೆ. ನಾಲ್ಕನೇ ವೆಟರನ್ ಅಂದರೆ ಸದಾ ಬಾಗಿಲ ಹತ್ತಿರ ಕೂತವನು. ಮೇಲಿನ ಲೀಗ್‌ನಿಂದ ಯಾರಾದರೂ ಹಳಬ ಇಳಿದು ಬಂದರೆ ಜಾಗ ಬಿಡಬೇಕಾದವನು ಇವನೇ. ಡಿಸೆಂಬರ್‌ನಲ್ಲಿ ಹಾಗೇ ಆಯಿತು. ಬದಲಿಗೆ ಆಟಗಾರನೂ ಇಲ್ಲ, ದುಡ್ಡೂ ಇಲ್ಲ, "ಮುಂದೆ ನೋಡೋಣ" ಎನ್ನುವ ಥರದ ಕರಾರಿನ ಮೇಲೆ ಇನ್ನೊಂದು ತಂಡಕ್ಕೆ ಟ್ರೇಡ್ ಮಾಡಿದರು. ಈ ಲೀಗ್‌ನಲ್ಲಿ ಅದು ಮಾಮೂಲು. ಫೆಬ್ರವರಿಯಲ್ಲಿ ಮತ್ತೊಂದು ತಂಡ. ಆ ವರ್ಷ ಗಂಟುಮೂಟೆ ಕಟ್ಟಿದ್ದೇ ಕಟ್ಟಿದ್ದು.

ಈಗ ಹೆಂಡತಿಯ ವಿಷಯ ಹೇಳಬೇಕು, ಏಕೆಂದರೆ ನನ್ನ ಪ್ರಕಾರ ಪ್ರಕರಣ ತಿರುಗಿದ್ದು ಅಲ್ಲೇ. ಅವಳು ಕೆನಡಾದಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳು. ಜೆ ಇದ್ದದ್ದು ಆಟಗಾರರಿಗೆ ಕೊಡುವ ಪಿ-1 ವೀಸಾದ ಮೇಲೆ. 2006ರ ಒಂದು ಕಾಯ್ದೆಯಿಂದ ಕೆಳಹಂತದ ಲೀಗ್‌ನವರಿಗೂ ಅದು ಸಿಗುವಂತಾಯಿತು, ಅದಕ್ಕೂ ಮೊದಲು ಹಂಗಾಮಿ ಕೂಲಿಗಳ ಎಚ್-2ಬಿ ಕೋಟಾದಲ್ಲಿ ಸರದಿ ನಿಲ್ಲಬೇಕಿತ್ತು. ಪಿ-1ರವನ ಹೆಂಡತಿಗೆ ಸಿಗುವುದು ಪಿ-4, ಅದರ ಮೇಲೆ ಕೆಲಸ ಮಾಡುವಂತಿಲ್ಲ. ಕೆನಡಾದ ನರ್ಸ್ ಆಗಿದ್ದರೆ ಟಿಎನ್ ಎಂಬ ಬೇರೆ ದಾರಿ ಇತ್ತು. ಶಾಲೆಯ ಟೀಚರ್‌ಗೆ ಅದೂ ಇಲ್ಲ. ನನ್ನ ಆಫೀಸಿನ ಬೆಂಚಿನ ಮೇಲೆ ಎಚ್-4ರ ಹೆಣ್ಣುಮಕ್ಕಳು, ಅಂದರೆ ಎಚ್-1ಬಿಯವರ ಹೆಂಡತಿಯರು, ವರ್ಷಗಟ್ಟಲೆ ಕೂತು ಹೇಳಿಕೊಂಡ ಕಥೆಯೇ ಇದು. ಅವರಲ್ಲಿ ಕೆಲವರಿಗಾದರೂ 2015ರಿಂದ ಕೆಲಸದ ಪರ್ಮಿಟ್ ಸಿಕ್ಕಿತು. ಪಿ-4ಕ್ಕೆ ಆ ಭಾಗ್ಯ ಬರಲಿಲ್ಲ. ಐದು ತಿಂಗಳಲ್ಲಿ ಮೂರು ಊರು, ಪ್ರತಿ ಊರಲ್ಲೂ ತಂಡ ಕೊಟ್ಟ ಅಪಾರ್ಟ್‌ಮೆಂಟ್, ಮಾಡಲು ಕೆಲಸವಿಲ್ಲ. ಮಾರ್ಚ್‌ನಲ್ಲಿ ಅವಳು ತವರಿಗೆ ಹೋದಳು. ಜಗಳವಾಡಿ ಹೋದದ್ದಲ್ಲ, ಶಾಲೆಯಲ್ಲಿ ಬದಲಿ ಟೀಚರ್ ಕೆಲಸ ಖಾಲಿ ಇತ್ತು, ದುಡ್ಡು ಬೇಕಿತ್ತು.

2018ರ ಬೇಸಿಗೆಯಲ್ಲಿ ಅವನ ಮುಂದೆ ಎರಡು ಆಹ್ವಾನ ಇದ್ದವು. ಒಂದು, ಇಸಿಎಚ್‌ಎಲ್ ತಂಡವೊಂದರಲ್ಲಿ ಆಡುತ್ತಲೇ ಅಸಿಸ್ಟೆಂಟ್ ಕೋಚ್ ಆಗುವುದು. ಕೋಚ್ ಆಗಬೇಕೆನ್ನುವವರಿಗೆ ಇದು ಒಳ್ಳೆಯ ಮೆಟ್ಟಿಲು. ಎರಡನೆಯದು ಬ್ರಿಟನ್‌ನ ಎಲೀಟ್ ಲೀಗ್‌ನ ಒಂದು ಕ್ಲಬ್. 2003ರಲ್ಲಿ ಶುರುವಾದ ಲೀಗ್ ಅದು. ಷೆಫೀಲ್ಡ್, ನಾಟಿಂಗ್‌ಹ್ಯಾಮ್, ಬೆಲ್‌ಫಾಸ್ಟ್, ಕಾರ್ಡಿಫ್ ಅದರ ದೊಡ್ಡ ಊರುಗಳು. ಅಲ್ಲಿನ ಎಷ್ಟೋ ಕ್ಲಬ್‌ಗಳು ಊರಿನ ಯೂನಿವರ್ಸಿಟಿ ಜೊತೆ ಒಪ್ಪಂದ ಮಾಡಿಕೊಂಡು, ಆಟಗಾರರಿಗೆ ಮಾಸ್ಟರ್ಸ್ ಓದಲು ಸೀಟು ಕೊಡಿಸುತ್ತವೆ. ಪಂದ್ಯ ಹೆಚ್ಚಾಗಿ ಶನಿವಾರ, ಭಾನುವಾರ. ವಾರದ ದಿನ ಕ್ಲಾಸಿಗೆ ಹೋಗಬಹುದು.

ತೊಡಕು ಏನೆಂದರೆ ಅವನ ಹತ್ತಿರ ಡಿಗ್ರಿಯೇ ಇರಲಿಲ್ಲ. ಇಪ್ಪತ್ತೊಂದರಲ್ಲಿ ಬಿಟ್ಟ ಸ್ಕಾಲರ್‌ಶಿಪ್ ಇಲ್ಲಿ ಬಂದು ಚುಚ್ಚಿತು. ಡಿಗ್ರಿ ಇದ್ದ ಸಹ ಆಟಗಾರರು ನೇರ ಮಾಸ್ಟರ್ಸ್ ಸೇರುವಾಗ ಇವನು ಕೆಲಸದ ಅನುಭವ ತೋರಿಸಿ, ಪ್ರಬಂಧ ಬರೆದು, ಮೊದಲು ಕೆಳಗಿನ ಒಂದು ಡಿಪ್ಲೊಮಾಗೆ ಸೇರಬೇಕಾಯಿತು.

ಆಗ ನನಗೆ ಫೋನ್ ಮಾಡಿದ್ದ. ದುಡ್ಡಿನ ಲೆಕ್ಕ ಹಾಕಿಕೊಡಿ ಎಂದ. ಹಾಕಿದೆವು. ಅವನ ಸಂಬಳ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬ್ರಿಟನ್‌ನಲ್ಲಿ ಮನೆ, ಕಾರು, ಫೀಸು ಕ್ಲಬ್‌ನದು. ವ್ಯತ್ಯಾಸ ಇದ್ದದ್ದು ಹೆಂಡತಿಯ ಸಾಲಿನಲ್ಲಿ. ಕ್ರೀಡಾಪಟುವಿನ ವೀಸಾದ ಮೇಲೆ ಹೋದವನ ಹೆಂಡತಿ ಅಲ್ಲಿ ಕೆಲಸ ಮಾಡಬಹುದು. ಕೆನಡಾದ ಟೀಚರ್ ಅರ್ಹತೆಯನ್ನು ಇಂಗ್ಲೆಂಡ್ ಒಪ್ಪುತ್ತದೆ. ಅವಳ ಸಂಬಳ ಸೇರಿಸಿದರೆ ಮನೆಯ ಆದಾಯ ಎರಡರಷ್ಟಕ್ಕೂ ಮೇಲೆ. ಕೋಚ್ ಕೆಲಸದ ಕಡೆ ಆ ಸಾಲು ಸೊನ್ನೆ.

ಏನಾಯಿತು

ಹೋದರು. ಅವನು ಅಲ್ಲಿ ಎರಡು ಸೀಸನ್ ಆಡಿದ. ಒಂದೇ ಊರಲ್ಲಿ, ಒಂದೇ ಮನೆಯಲ್ಲಿ. ಹೊರಗಿನ ಆಟಗಾರರಿಗೆ ಅಲ್ಲೂ ಮಿತಿ ಇದೆ, ಆದರೆ ಆ ಮಿತಿ ಪಾಸ್‌ಪೋರ್ಟ್‌ನದು, ಅನುಭವದ್ದಲ್ಲ. ಆದ್ದರಿಂದ 260 ದಾಟಿದ ಅನುಭವ ಅಲ್ಲಿ ಹೊರೆಯಾಗಲಿಲ್ಲ, ಆ ಕಾರಣಕ್ಕೇ ಕರೆಸಿಕೊಂಡಿದ್ದರು. ಪವರ್ ಪ್ಲೇ ಜಾಗ ಸಿಕ್ಕಿತು. ಅವಳು ಸಪ್ಲೈ ಟೀಚರ್ (ಬದಲಿ ಟೀಚರ್) ಆಗಿ ಶುರು ಮಾಡಿ ಒಂದೇ ಶಾಲೆಯಲ್ಲಿ ನೆಲೆ ನಿಂತಳು.

ಮಾರ್ಚ್ 2020ರಲ್ಲಿ ಕೊರೊನಾ ಬಂದು ಸೀಸನ್ ಅಲ್ಲಿಗೇ ನಿಂತಿತು. ಮುಂದಿನ ವರ್ಷದ ಲೀಗ್ ಶುರುವಾಗಲೇ ಇಲ್ಲ. ಡಿಪ್ಲೊಮಾ ಮುಗಿದಿತ್ತು, ಮಾಸ್ಟರ್ಸ್ ಅರ್ಧದಲ್ಲಿತ್ತು. ಒಂಟಾರಿಯೊಗೆ ವಾಪಸ್ ಹೋಗಿ ಆನ್‌ಲೈನ್‌ನಲ್ಲಿ ಮುಗಿಸಿದ. ಈಗ ಒಂದು ಊರಿನ ಮುನಿಸಿಪಾಲಿಟಿಯ ಐಸ್ ರಿಂಕ್ ನೋಡಿಕೊಳ್ಳುತ್ತಾನೆ. ಬೆಳಗ್ಗೆ ಐದಕ್ಕೆ ಯಾರಿಗೆ ಐಸ್, ರಾತ್ರಿ ಹನ್ನೊಂದಕ್ಕೆ ಯಾರಿಗೆ ಐಸ್ ಎಂದು ಹಂಚುವ ಕೆಲಸ. ಅಪ್ಪಂದಿರ ಜಗಳ ಬಿಡಿಸುವುದೇ ಹೊಡೆದಾಟಕ್ಕಿಂತ ಕಷ್ಟ ಅನ್ನುತ್ತಾನೆ. ಬೆರಳು ಇನ್ನೂ ಮಡಚುವುದಿಲ್ಲ. ತಲೆನೋವು ಆಗಾಗ ಬರುತ್ತದೆ, ಆ ವಿಷಯ ಅವನು ಜಾಸ್ತಿ ಮಾತಾಡುವುದಿಲ್ಲ.

ಈ ಪ್ರಕರಣದಿಂದ ಏನು ತಿಳಿಯುತ್ತದೆ

ಮೊದಲನೆಯದು, ಈ ಮಟ್ಟದಲ್ಲಿ ಪ್ರತಿಭೆಯ ಮಾತು ಸುಮ್ನೆ. ಇಸಿಎಚ್‌ಎಲ್‌ನ ಮೂರನೇ ಡಿಫೆನ್ಸ್‌ಮನ್‌ಗೂ ಐದನೆಯವನಿಗೂ ಇರುವ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ. ಇಬ್ಬರಲ್ಲಿ ಯಾರು ಉಳಿಯುತ್ತಾರೆ ಎನ್ನುವುದನ್ನು ಬಹಳ ಸಲ ನಿಯಮದ ಪುಸ್ತಕ ಹೇಳುತ್ತದೆ. ಲಾಕೌಟ್, ಹೊಡೆದಾಟದ ಮಿತಿ, 260, ಪಿ-4, ಜೆಯ ಬದುಕನ್ನು ತಿರುಗಿಸಿದ ಯಾವುದೂ ಅವನು ಚೆನ್ನಾಗಿ ಆಡಿದ್ದಕ್ಕೋ ಕೆಟ್ಟದಾಗಿ ಆಡಿದ್ದಕ್ಕೋ ಸಂಬಂಧಪಟ್ಟದ್ದಲ್ಲ. ಇದರಲ್ಲಿ ಲಾಕೌಟ್ ಅವನ ಕೈಲಿರಲಿಲ್ಲ. 260 ಇತ್ತು.

ಆ ಕೊನೆಯ ಮೂರು ಪಂದ್ಯದ ಬಗ್ಗೆ ನಾನು ಬೇರೆ ಆಟಗಾರರನ್ನೂ ಕೇಳಿದ್ದೇನೆ. ಅರ್ಧ ಜನ ಕೂರಬೇಕಿತ್ತು ಅಂದರು. ಅರ್ಧ ಜನ, ಮುರಿದ ಬೆರಳಿನಲ್ಲಿ ಆಡುವವನು ಎನ್ನುವ ಹೆಸರೇ ಅವನಿಗೆ ಆ ನಂತರದ ಕೆಲಸಗಳನ್ನು ತಂದುಕೊಟ್ಟದ್ದು, ಲೆಕ್ಕ ನೋಡಿ ಕೂರುವವನನ್ನು ಬ್ರಿಟನ್‌ನವರು ಕರೀತಿದ್ದರಾ ಅಂದರು. ನನಗೆ ಮೊದಲ ಗುಂಪಿನ ಮಾತೇ ಸರಿ ಅನಿಸುತ್ತದೆ, ಆದರೆ ನಾನು ಲೆಕ್ಕದವನು. ಟ್ರೇನರ್ ಕೂತುಕೋ ಎಂದಾಗ ಕೂತರೆ ಯಾರ ಕಣ್ಣಿಗೂ ಅದು ಲೆಕ್ಕಾಚಾರವಾಗಿ ಕಾಣುವುದಿಲ್ಲ, ಅಲ್ವಾ?

ಎರಡನೆಯದು, ಆಹ್ವಾನ ತೂಗುವಾಗ ಅವನು ಆರು ವರ್ಷ ತನ್ನ ಸಂಬಳ, ತನ್ನ ಲೀಗ್, ತನ್ನ ಜಾಗ ಅಷ್ಟನ್ನೇ ನೋಡಿದ. ಮನೆಯ ಎರಡನೇ ಸಂಬಳವನ್ನು ಪಟ್ಟಿಗೆ ಸೇರಿಸಿದ ಮೊದಲ ಸಲವೇ ಉತ್ತರ ಬೇರೆ ಬಂತು. ಎಚ್-1ಬಿಯ ನಮ್ಮ ಹುಡುಗರಿಗೂ ಇದನ್ನು ಹೇಳುತ್ತಿರುತ್ತೇನೆ, ಕೇಳುವವರು ಕಡಿಮೆ.

ಇದನ್ನು ಇವತ್ತಿನ ಇಪ್ಪತ್ತರ ಹುಡುಗನಿಗೆ ಹಾಗೇ ಅನ್ವಯಿಸುವಂತಿಲ್ಲ. ಮೇಜರ್ ಜೂನಿಯರ್ ಆಡಿದವರಿಗೆ ಜೆಯ ಕಾಲದಲ್ಲಿ ಅಮೆರಿಕದ ಕಾಲೇಜು ಹಾಕಿಯ ಬಾಗಿಲು ಮುಚ್ಚಿತ್ತು. ನವೆಂಬರ್ 2024ರಲ್ಲಿ ಅಲ್ಲಿನ ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಆ ನಿಯಮ ತೆಗೆಯಿತು, ಆಗಸ್ಟ್ 2025ರಿಂದ ಅವರೂ ಅಲ್ಲಿ ಆಡಬಹುದು. ಅಂದರೆ ಜೂನಿಯರ್ ಮುಗಿಸಿದವನ ಮುಂದೆ ಈಗ ಕೆನಡಾದ ಯೂನಿವರ್ಸಿಟಿ, ಅಮೆರಿಕದ ಕಾಲೇಜು, ವಾರದ ಸಂಬಳದ ಲೀಗ್, ಮೂರೂ ಇವೆ. ಜೆಯ ರಿಂಕ್‌ನಲ್ಲಿ ಆಡುವ ಒಬ್ಬ ಹುಡುಗ ಹೋದ ವರ್ಷ ಇದೇ ಕವಲಿನಲ್ಲಿ ನಿಂತು ಅವನನ್ನು ಕೇಳಿದನಂತೆ. ಜೆ ಏನೂ ಹೇಳದೆ, ಅವನ ಅಪ್ಪ ಅಮ್ಮನ ಎದುರು ಕೂರಿಸಿಕೊಂಡು, ಮೂರೂ ದಾರಿಯ ದುಡ್ಡು, ವರ್ಷ, ಗಡುವು ಬರೆದ ಕಾಗದ ತಯಾರು ಮಾಡಿಕೊಟ್ಟಿದ್ದಾನೆ. ಹುಡುಗ ಇನ್ನೂ ತೀರ್ಮಾನ ಮಾಡಿಲ್ಲ.